ಸರ್ವೆಯಲ್ಲಿ ಎಲ್ಲಾ ಚೆನ್ನಾಗಿದೆ, ಫ್ಯಾನ್ ಮಾತ್ರ ಇಲ್ಲ

ಪ್ರಶ್ನೆ: ನಾನು ದಾಬಸ್‌ಪೇಟೆ ಕಡೆ ಒಂದು ಆಟೊ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್. ನಮ್ಮಲ್ಲಿ 420 ಜನ ಇದ್ದಾರೆ. 170 ಜನ ಪರ್ಮನೆಂಟ್, ಉಳಿದವರು ಕಾಂಟ್ರ್ಯಾಕ್ಟ್. ಮೂರು ವರ್ಷದಿಂದ ಎಂಗೇಜ್‌ಮೆಂಟ್ ಸರ್ವೆ (ನೌಕರರು ಎಷ್ಟು ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಅಂತ ತಿಳಿಯುವ ಸರ್ವೆ) ಮಾಡಿಸುತ್ತಿದ್ದೇವೆ, ಪರ್ಮನೆಂಟ್ ನೌಕರರಿಗೆ ಮಾತ್ರ. 48 ಪ್ರಶ್ನೆ. ಸ್ಕೋರ್ ಮೊದಲ ವರ್ಷ 62 ಬಂತು, ಆಮೇಲೆ 64, ಈಗ 63. ತುಂಬಿದವರು ಶೇ 91ರಿಂದ ಶೇ 58ಕ್ಕೆ ಇಳಿದಿದ್ದಾರೆ. ನಾವು ಸುಮ್ಮನೆ ಕೂತಿಲ್ಲ. ಯೋಗ ದಿನ, ಕ್ರಿಕೆಟ್ ಟೂರ್ನಮೆಂಟ್, 'ತಿಂಗಳ ಉತ್ತಮ ಕೆಲಸಗಾರ' ಎಲ್ಲ ಮಾಡಿದ್ದೇವೆ. ಈ ಸಲ 70 ದಾಟಲೇಬೇಕು ಅಂತ ಎಂಡಿ ಹೇಳಿದ್ದಾರೆ. ನನ್ನ ಅಪ್ರೈಸಲ್‌ಗೂ ಅದನ್ನೇ ಸೇರಿಸಿದ್ದಾರೆ. ಮೊನ್ನೆ ಲೈನ್‌ನಲ್ಲಿ ಒಬ್ಬರು, "ಬರೆದು ಬರೆದು ಕೈ ನೋವು ಬಂತು ಮೇಡಂ, ಏನ್ ಬದಲಾಯ್ತು?" ಅಂದರು. ಪ್ರಶ್ನೆಗಳೇ ಸರಿ ಇಲ್ಲವಾ? ಬೇರೆ ಏಜೆನ್ಸಿಯಿಂದ ಮಾಡಿಸಬೇಕಾ? ಅಥವಾ ನಿಲ್ಲಿಸಿಬಿಡುವುದೇ ಒಳ್ಳೆಯದಾ?

ಉತ್ತರ: ನಿಮ್ಮದು ಮೂರು ಪ್ರಶ್ನೆ. ಆದರೆ ಅವುಗಳ ಕೆಳಗೆ ಇನ್ನೊಂದು ಚಿಂತೆ ಕೂತಿದೆ ಅನ್ನಿಸುತ್ತದೆ. ಜನಕ್ಕೆ ನಿಮ್ಮ ಮೇಲಿದ್ದ ನಂಬಿಕೆ ಹೋಗ್ತಿದೆ, ಎಂಡಿಗೆ ಮಾತ್ರ ನಂಬರ್ ಬೇಕು, ನಡುವೆ ಸಿಕ್ಕಿಕೊಂಡಿರುವುದು ನೀವು. ಇಪ್ಪತ್ತೈದು ವರ್ಷದಲ್ಲಿ ಪೀಣ್ಯ, ಬಿಡದಿ, ಹೊಸಕೋಟೆ ಅಂತ ತಿರುಗಿದ ಎಷ್ಟೋ ಕಾರ್ಖಾನೆಗಳಲ್ಲಿ ಇದೇ ಕಥೆ ಕೇಳಿದ್ದೇನೆ. ಹಾಗಾಗಿ ನಿಮ್ಮೊಬ್ಬರ ತಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಲೆಕ್ಕ ನೋಡೋಣ. 170ರಲ್ಲಿ ಶೇ 91 ಅಂದರೆ ಸುಮಾರು 155 ಜನ. ಶೇ 58 ಅಂದರೆ 99. ಕಾರ್ಖಾನೆಯಲ್ಲಿರುವ 420 ಜನರಲ್ಲಿ ನೀವು ಕೇಳಿಸಿಕೊಂಡಿದ್ದು 99 ಜನರ ಮಾತು, ನಾಲ್ಕರಲ್ಲಿ ಒಬ್ಬರದೂ ಅಲ್ಲ. 62, 64, 63 ಅನ್ನುವ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಪ್ರತಿ ವರ್ಷ ಬೇರೆ ಬೇರೆ ಜನ ತುಂಬಿದ್ದಾರೆ, ಒಂದೆರಡು ಅಂಕ ಅತ್ತಿತ್ತ ಆಗುವುದು ಸಹಜ. ನಿಮ್ಮ ವರದಿಯಲ್ಲಿ ನಿಜವಾದ ಸುದ್ದಿ ಒಂದೇ ಇದೆ. ಸುಮಾರು 56 ಜನ ಪೆನ್ನು ಕೆಳಗಿಟ್ಟಿದ್ದಾರೆ. ಅದೂ ಒಂದು ಉತ್ತರವೇ. ಆದರೆ ಅದಕ್ಕೆ ವರದಿಯಲ್ಲಿ ಕಾಲಂ ಇಲ್ಲ, ಅಷ್ಟೇ.

ವಿಭಾಗವಾರು ಸ್ಕೋರ್ ಇನ್ನೂ ಮೋಸದ್ದು. ಹನ್ನೆರಡು ಜನರ ಒಂದು ಸೆಕ್ಷನ್ ಇದೆ ಅಂದುಕೊಳ್ಳಿ. ಏಳು ಜನ 'ಚೆನ್ನಾಗಿದೆ' ಅಂದರೆ ಶೇ 58. ಬೇಸತ್ತ ಇಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಹೊಸಬರು ಇಬ್ಬರು ಬಂದರು. ಹೊಸಬರು ಮೊದಲ ಆರು ತಿಂಗಳು ಎಲ್ಲಾದಕ್ಕೂ 'ಚೆನ್ನಾಗಿದೆ' ಅನ್ನುತ್ತಾರೆ. ಈಗ ಹನ್ನೆರಡಕ್ಕೆ ಒಂಬತ್ತು, ಶೇ 75! ಸೂಪರ್‌ವೈಸರ್‌ಗೆ ಬಹುಮಾನ. ಅನುಭವಸ್ಥರಿಬ್ಬರನ್ನು ಕಳೆದುಕೊಂಡಿದ್ದಕ್ಕೆ ಸಿಕ್ಕ ಬಹುಮಾನ ಅದು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಪ್ರಶ್ನೆಗಳು ಸರಿ ಇಲ್ಲವಾ ಅಂದಿರಿ. ಸ್ವಲ್ಪ ಮಟ್ಟಿಗೆ ಹೌದು. ಈ ಸರ್ವೆಗಳ ಕನ್ನಡವೇ ಒಂದು ತಮಾಷೆ. 'ನನ್ನ ವ್ಯವಸ್ಥಾಪಕರು ನನ್ನನ್ನು ಸಬಲೀಕರಿಸುತ್ತಾರೆ' ಅಂತ ಒಂದು ಕಡೆ ಓದಿದ್ದೆ. ಓದಿ ಹೇಳಿದ ಹುಡುಗ, "ಸಾರ್, ಇದು ಒಳ್ಳೇದಾ ಕೆಟ್ಟದ್ದಾ?" ಅಂತ ಕೇಳಿದ. ಗ್ಯಾಲಪ್ ಅನ್ನುವ ಅಮೆರಿಕದ ಸಮೀಕ್ಷಾ ಕಂಪನಿಯ 12 ಪ್ರಶ್ನೆಗಳ ಪಟ್ಟಿ ತುಂಬಾ ಹೆಸರುವಾಸಿ. ಅದರಲ್ಲಿ ಕೆಲಸದ ಜಾಗದಲ್ಲಿ ನಿಮಗೆ ಅತ್ಯಂತ ಆಪ್ತ ಸ್ನೇಹಿತರು ಇದ್ದಾರಾ ಅಂತ ಒಂದು ಪ್ರಶ್ನೆ ಇದೆ. ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇದನ್ನು 'ಆಪ್ತ ಸ್ನೇಹಿತ' ಅಂತ ಅಚ್ಚು ಹಾಕಿಸಿದ್ದರು. ಇಡೀ ಲೈನ್ ಹೆಣ್ಣುಮಕ್ಕಳದ್ದು. ಎಲ್ಲರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು, ಒಬ್ಬರೂ ಬಿಡದೆ 'ಇಲ್ಲ' ಅಂತ ಗುರುತು ಹಾಕಿದರು. ವರದಿಯಲ್ಲಿ ಏನು ಬಂತು ಗೊತ್ತಾ? ಸಹೋದ್ಯೋಗಿಗಳ ನಡುವೆ ಸ್ನೇಹ ಕಡಿಮೆ ಅಂತ.

ಐದು ಹಂತದ ಅಳತೆಗೂ ನಮ್ಮ ಮಾತಿಗೂ ಹೊಂದುವುದಿಲ್ಲ. ರೆನ್ಸಿಸ್ ಲಿಕರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1932ರಲ್ಲಿ ಕೊಟ್ಟ ಅಳತೆ ಅದು. 'ಪೂರ್ತಿ ಒಪ್ಪುತ್ತೇನೆ' ಅಂದರೆ ಐದು, 'ಖಂಡಿತ ಒಪ್ಪುವುದಿಲ್ಲ' ಅಂದರೆ ಒಂದು. ನಮ್ಮ ಜನಕ್ಕೆ ಕೆಲಸ ಹೇಗಿದೆ ಅಂತ ಕೇಳಿ, "ಪರವಾಗಿಲ್ಲ ಸಾರ್" ಅನ್ನುತ್ತಾರೆ. ಈ 'ಪರವಾಗಿಲ್ಲ'ವನ್ನು ಎಲ್ಲಿ ಹಾಕುತ್ತೀರಿ? ಹೇಳುವ ದನಿ ಮೇಲೆ ಅದು ನಾಲ್ಕೂ ಆಗಬಹುದು, ಎರಡೂ ಆಗಬಹುದು. ಕೆಲವು ಸಲ 'ಈ ವಿಷಯ ಬಿಡಿ' ಅಂತಲೂ ಅರ್ಥ. ಕಾಗದದ ಮೇಲೆ ದನಿ ಬರುವುದಿಲ್ಲವಲ್ಲ.

ಆದರೂ ಪ್ರಶ್ನೆ ತಿದ್ದಿದರೆ ಸರಿಹೋಗುತ್ತೆ ಅಂತ ನಾನು ಹೇಳುವುದಿಲ್ಲ. ಚಂದದ ಕನ್ನಡದಲ್ಲಿ ಬರೆದ, ಬುದ್ಧಿವಂತಿಕೆಯ ಸರ್ವೆಗಳೂ ಬಿದ್ದಿದ್ದನ್ನು ನೋಡಿದ್ದೇನೆ. ನಾವು ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳ್ತೀವಿ ಅಲ್ವಾ? ಕೇಳಿದವರಿಗೆ ಊಟ ಹಾಕುವ ಉದ್ದೇಶ ಇರುವುದಿಲ್ಲ. ಹೇಳುವವರೂ ಹಸಿದಿದ್ದರೂ "ಆಯ್ತು" ಅನ್ನುತ್ತಾರೆ. ಅದು ಮರ್ಯಾದೆಯ ಮಾತು. ನಿಮ್ಮ ಸರ್ವೆ ಮೂರು ವರ್ಷದಲ್ಲಿ ಆ ಮಟ್ಟಕ್ಕೆ ಬಂದಿದೆ. ಕೆಲವರು ಮರ್ಯಾದೆಗೆ "ಆಯ್ತು" ಅಂತಿದ್ದಾರೆ, ಉಳಿದವರು ಮಾತೇ ಬಿಟ್ಟಿದ್ದಾರೆ.

ಇದು ಹೇಗೆ ಆಗುತ್ತದೆ ಅಂತ ಒಂದು ಫ್ಯಾನಿನ ಕಥೆಯಲ್ಲಿ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ (ಯಂತ್ರದಲ್ಲಿ ಲೋಹದ ಹಾಳೆ ಒತ್ತಿ ಬಿಡಿಭಾಗ ಮಾಡುವ ಕಡೆ) ಸರ್ವೆ ನಡೆಯುವಾಗ ಕೂತು ನೋಡುತ್ತಿದ್ದೆ. ಟ್ರೈನಿಂಗ್ ರೂಮಿನಲ್ಲಿ ನಾಲ್ಕು ಟ್ಯಾಬ್ ಇಟ್ಟಿದ್ದರು. ಎಂಟೆಂಟು ಜನರನ್ನು ಲೈನ್‌ನಿಂದ ಕಳಿಸುತ್ತಿದ್ದರು. ಬಾಗಿಲ ಹತ್ತಿರ ಸೂಪರ್‌ವೈಸರ್ ನಿಂತಿದ್ದರು. ಕಾವಲಿಗಲ್ಲ, ಜನ ಬೇಗ ವಾಪಸ್ ಬರಲಿ ಅಂತ. ಆ ದಿನದ ಪ್ರೊಡಕ್ಷನ್ ಟಾರ್ಗೆಟ್ ಒಂದು ಪೀಸೂ ಕಡಿಮೆ ಮಾಡಿರಲಿಲ್ಲ. ಒಬ್ಬರು, ನಲವತ್ತೈದರ ಆಸುಪಾಸು, ಕೈಗೆ ಅಂಟಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಶುರು ಮಾಡಿದರು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಅವರದ್ದೂ 48 ಪ್ರಶ್ನೆ. ಗಡಿಯಾರ ನೋಡಿದೆ, ಎರಡು ನಿಮಿಷ ಆಗಿರಲಿಲ್ಲ. ಒಂದು ಪ್ರಶ್ನೆಗೆ ಎರಡೂವರೆ ಸೆಕೆಂಡೂ ಇಲ್ಲ. ಕೊನೆಯಲ್ಲಿ 'ನಿಮ್ಮ ಸಲಹೆ' ಅಂತ ಒಂದು ಡಬ್ಬಿ ಇತ್ತು. ಅಲ್ಲಿ ಮಾತ್ರ ನಿಂತರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆಮೇಲೆ ವರದಿಯಲ್ಲಿ ಅದನ್ನು ಓದಿದೆ: 'ಎಲ್ಲಾ ಚೆನ್ನಾಗಿದೆ ಸಾರ್. ಫ್ಯಾನ್ ಹಾಕ್ಸಿ.'

ಆ ವರ್ಷ ಫ್ಯಾನ್, ಗಾಳಿ, ಸೆಖೆ ಅಂತ ಬರೆದವರು ಹನ್ನೊಂದು ಜನ. ಏಜೆನ್ಸಿಯವರು ಅದನ್ನು 'ಭೌತಿಕ ಪರಿಸರ' ಅನ್ನುವ ಗುಂಪಿಗೆ ಸೇರಿಸಿದರು. ಆ ಗುಂಪಿನ ಸರಾಸರಿ ಚೆನ್ನಾಗಿಯೇ ಇತ್ತು, ಯಾಕೆಂದರೆ ಆಫೀಸಿನವರಿಗೆ ಏಸಿ ಇತ್ತು. ಹಾಗಾಗಿ ಮೊದಲ ಮೂರು ಆದ್ಯತೆಯಲ್ಲಿ ಅದು ಬರಲಿಲ್ಲ. ಬಂದಿದ್ದು 'ಮನ್ನಣೆ', 'ಸಂವಹನ', 'ಸ್ವಾಸ್ಥ್ಯ'. ಸ್ವಾಸ್ಥ್ಯಕ್ಕೆ ಯೋಗ ಮಾಡಿಸಿದರು. ಮುಂದಿನ ವರ್ಷದ ಸರ್ವೆಯಲ್ಲಿ ಮತ್ತೆ ಫ್ಯಾನಿನ ಮಾತು ಬಂತು. ಈ ಸಲ ಎಚ್‌ಆರ್‌ನವರು ಅದನ್ನು ಅಕೌಂಟ್ಸ್‌ನವರ ಹತ್ತಿರ ಹಿಡಿದುಕೊಂಡು ಹೋದರು. ಅದು ಕ್ಯಾಪಿಟಲ್ ಖರ್ಚು, ಹೆಡ್ ಆಫೀಸ್ ಅಪ್ರೂವಲ್ ಬೇಕು ಅಂದರು. ಮೂರು ಕೊಟೇಶನ್ ತನ್ನಿ ಅಂದರು. ಅಷ್ಟರಲ್ಲಿ ಮಳೆಗಾಲ ಬಂತು, ಎಲ್ಲರೂ ಮರೆತರು.

ಕೊನೆಗೆ ಆಗಿದ್ದು ಹೀಗೆ. ಏಪ್ರಿಲ್‌ನಲ್ಲಿ ಪ್ಲಾಂಟ್ ಹೆಡ್ ಬೇರೆ ಏನೋ ಕೆಲಸಕ್ಕೆ ಮಧ್ಯಾಹ್ನ ಎರಡೂವರೆಗೆ ಪ್ರೆಸ್ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು. ಅಂಗಿ ಬೆನ್ನಿಗೆ ಅಂಟಿತು. ಎರಡೇ ದಿನದಲ್ಲಿ ಮೇಂಟೆನೆನ್ಸ್‌ನವರು ಹಳೆ ಸ್ಟೋರ್‌ನಲ್ಲಿದ್ದ ಎರಡು ಪೆಡೆಸ್ಟಲ್ ಫ್ಯಾನ್ ರಿಪೇರಿ ಮಾಡಿ ತಂದು ನಿಲ್ಲಿಸಿದರು. ಎರಡು ಸರ್ವೆ ಮಾಡಲಾಗದ್ದನ್ನು ಒಂದು ಒದ್ದೆ ಅಂಗಿ ಮಾಡಿತು.

ಇಲ್ಲಿ ಯಾರೂ ಕೆಟ್ಟವರಲ್ಲ. ಏಜೆನ್ಸಿ, ಎಚ್‌ಆರ್, ಅಕೌಂಟ್ಸ್, ಎಲ್ಲರೂ ಅವರವರ ಕೆಲಸ ಸರಿಯಾಗಿಯೇ ಮಾಡಿದರು. ತೊಂದರೆ ಇದ್ದದ್ದು ದಾರಿಯಲ್ಲಿ. ಉತ್ತರ ಹೋಗಿ ಸೇರಿದ ಮೇಜಿನಲ್ಲಿ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದವರಿಗೆ ತಲುಪುವಷ್ಟರಲ್ಲಿ 'ಫ್ಯಾನ್' ಅನ್ನುವ ಪದ 'ಭೌತಿಕ ಪರಿಸರ 3.8' ಆಗಿತ್ತು. 3.8 ನೋಡಿ ಯಾರಿಗೂ ಬೆವರು ಬರುವುದಿಲ್ಲ.

ಇದು ಇಂದು ನಿನ್ನೆಯ ರೋಗ ಅಲ್ಲ. ಅಮೆರಿಕದ ಶಿಕಾಗೊ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಅಲ್ಲಿ 1928ರಿಂದ 1930ರವರೆಗೆ 21 ಸಾವಿರಕ್ಕೂ ಹೆಚ್ಚು ನೌಕರರನ್ನು ಕೂರಿಸಿಕೊಂಡು ಮಾತಾಡಿಸಿದರು. ಮೊದಲು ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಜನ ಹೌದು, ಇಲ್ಲ ಅಂದು ಸುಮ್ಮನಾಗುತ್ತಿದ್ದರು, ಇಲ್ಲವೇ ಪಟ್ಟಿಯಲ್ಲಿ ಇಲ್ಲದ್ದನ್ನೇ ಹೇಳುತ್ತಿದ್ದರು. ಪಟ್ಟಿ ಪಕ್ಕಕ್ಕಿಟ್ಟು ಮಾತಾಡಲು ಬಿಟ್ಟ ಮೇಲೆ ಅರ್ಧ ಗಂಟೆಯ ಭೇಟಿ ಒಂದೂವರೆ ಗಂಟೆಗೆ ಹೋಯಿತು. ಒಳ್ಳೆಯದೇ. ಆದರೆ 1936ರಲ್ಲಿ ಅದೇ ಕಂಪನಿ ಕೇಳಿಸಿಕೊಳ್ಳುವುದಕ್ಕೆ ಅಂತಲೇ ಕೌನ್ಸೆಲರ್‌ಗಳನ್ನು ಇಟ್ಟಿತು. ಅವರಿಗಿದ್ದ ನಿಯಮ ಅಂದರೆ ಕೇಳಿಸಿಕೊಳ್ಳಬೇಕು, ದೂರಿನ ಮೇಲೆ ತಾವಾಗಿ ಏನೂ ಕ್ರಮ ತೆಗೆದುಕೊಳ್ಳಬಾರದು. ಸುಮಾರು ಇಪ್ಪತ್ತು ವರ್ಷ ನಡೆದು ಅದು ನಿಂತುಹೋಯಿತು. ನಮ್ಮ ಈಗಿನ ಎಷ್ಟೋ ಸರ್ವೆಗಳು ಆ ಕೌನ್ಸೆಲರ್‌ಗಳ ಮೊಮ್ಮಕ್ಕಳು.

'ಎಂಗೇಜ್‌ಮೆಂಟ್' ಅನ್ನುವ ಪದಕ್ಕೆ ಈ ಅರ್ಥ ಕೊಟ್ಟವರು ಅಮೆರಿಕದ ಸಂಶೋಧಕ ವಿಲಿಯಂ ಕಾನ್, 1990ರಲ್ಲಿ. ಮನಸ್ಸಿಟ್ಟು ಕೆಲಸ ಮಾಡಲು ಮೂರು ಬೇಕು ಅಂದರು. ಕೆಲಸಕ್ಕೊಂದು ಅರ್ಥ ಇರಬೇಕು, ಬಾಯಿಬಿಟ್ಟರೆ ಏಟು ಬೀಳುವುದಿಲ್ಲ ಅನ್ನುವ ಧೈರ್ಯ ಇರಬೇಕು, ಮತ್ತೆ ಮೈಯಲ್ಲಿ ಮನಸ್ಸಲ್ಲಿ ಅಷ್ಟು ತ್ರಾಣ ಉಳಿದಿರಬೇಕು. ಮೂರನೆಯದನ್ನು ಸರ್ವೆ ವ್ಯಾಪಾರ ಹೆಚ್ಚುಕಡಿಮೆ ಮರೆತೇಬಿಟ್ಟಿದೆ ಅಂತ ನನ್ನ ಅಭಿಪ್ರಾಯ. ರಾತ್ರಿ ಪಾಳಿ ಮುಗಿಸಿ, ಬಸ್ಸಿಗೆ ಒಂದು ಗಂಟೆ ಕಾದು, ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕಳಿಸಿ ಮಲಗುವವರಿಗೆ 'ಉತ್ತಮ ಕೆಲಸಗಾರ' ಫಲಕ ಏನು ಮಾಡುತ್ತದೆ?

ಈಗ ಕೆಲವು ನಂಬಿಕೆಗಳ ವಿಷಯ. ಹೆಸರು ಬರೆಸುವುದಿಲ್ಲ, ಹಾಗಾಗಿ ಜನ ನಿಜ ಹೇಳುತ್ತಾರೆ ಅನ್ನುವುದು ಮೊದಲನೆಯದು. ವಿಭಾಗ, ಶಿಫ್ಟ್, ಗಂಡೋ ಹೆಣ್ಣೋ, ಎಷ್ಟು ವರ್ಷದ ಸರ್ವಿಸ್ ಅಂತ ನಾಲ್ಕು ಕೇಳಿದರೆ ಹೆಸರು ಯಾಕೆ ಬೇಕು? ಏಳು ಜನರ ಕ್ವಾಲಿಟಿ ಟೀಮಿನಲ್ಲಿ ಒಬ್ಬರೇ ಹೆಣ್ಣುಮಗಳಿದ್ದರೆ ಅವರ ಕಾಗದ ಯಾವುದು ಅಂತ ಎಲ್ಲರಿಗೂ ಗೊತ್ತು, ಮೊದಲು ಅವರಿಗೇ ಗೊತ್ತು. ಹೊರಗಿನ ಏಜೆನ್ಸಿ ಮಾಡಿದರೆ ಭಯ ಹೋಗುತ್ತೆ ಅನ್ನುವುದೂ ಅಷ್ಟೇ. ದುಡ್ಡು ಕೊಡುವವರು ಯಾರು ಅಂತ ಲೈನ್‌ನಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಏಜೆನ್ಸಿ ಬದಲಿಸಿದರೆ ನಿಮಗೆ ಸಿಗುವುದು ಹೊಸ ಬಣ್ಣದ ಗ್ರಾಫ್.

ಇನ್ನೊಂದು, ಎಲ್ಲದಕ್ಕೂ ಮ್ಯಾನೇಜರೇ ಕಾರಣ ಅನ್ನುವುದು. ತಂಡ ತಂಡದ ನಡುವೆ ಎಂಗೇಜ್‌ಮೆಂಟ್‌ನಲ್ಲಿರುವ ವ್ಯತ್ಯಾಸದಲ್ಲಿ ಶೇ 70ರಷ್ಟು ಮ್ಯಾನೇಜರ್‌ನಿಂದ ಬರುತ್ತದೆ ಅಂತ ಗ್ಯಾಲಪ್ ಹೇಳುತ್ತಾ ಬಂದಿದೆ. ಅದನ್ನು ಹಿಡಿದು ಸೂಪರ್‌ವೈಸರ್‌ಗಳಿಗೆ ಎರಡು ದಿನ ಟ್ರೈನಿಂಗ್ ಕೊಟ್ಟು ಕೈತೊಳೆದುಕೊಳ್ಳುವವರೇ ಜಾಸ್ತಿ. ನಿಮ್ಮ ಸೂಪರ್‌ವೈಸರ್ ಕೈಯಲ್ಲಿ ಏನಿದೆ ನೋಡಿ. ರಜೆ ಕೊಡಲು ಬದಲಿ ಜನ ಇಲ್ಲ. ಓಟಿ ಇದೆಯೋ ಇಲ್ಲವೋ ಅವರಿಗೇ ಸಂಜೆ ನಾಲ್ಕಕ್ಕೆ ಗೊತ್ತಾಗುತ್ತದೆ. ಬೈಸಿಕೊಳ್ಳುವುದು ಎರಡೂ ಕಡೆಯಿಂದ.

ಇಷ್ಟೆಲ್ಲ ಆದಮೇಲೆ ನಿಮ್ಮ ಮುಂದೆ ಏನು ದಾರಿ ಇದೆ?

ಒಂದು, ಈ ವರ್ಷ ಸರ್ವೆ ಬಿಡುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತೇನೆ. ಆದರೆ ಸುಮ್ನೆ ಬಿಟ್ಟರೆ "ಕೇಳುವುದನ್ನೂ ನಿಲ್ಲಿಸಿದರು" ಅಂತ ಆಗುತ್ತದೆ. ಆದ್ದರಿಂದ ಬಿಡುವ ಕಾರಣ ಹೇಳಬೇಕು: ಹಳೆಯ ಮೂರು ವರ್ಷದ್ದೇ ಬಾಕಿ ಇದೆ, ಅದನ್ನು ತೀರಿಸಿ ಹೊಸದು ಕೇಳುತ್ತೇವೆ ಅಂತ. ಗ್ರಾಹಕ ಕಂಪನಿಯ ಆಡಿಟ್‌ಗೆ ಸರ್ವೆ ಬೇಕೇ ಬೇಕು ಅಂತ ಯಾರಾದರೂ ಹೇಳಬಹುದು. ಆಟೊ ವಲಯದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949 ಕೇಳುವುದು ನೌಕರರನ್ನು ಹುರಿದುಂಬಿಸುವ ಒಂದು ಲಿಖಿತ ಕ್ರಮ ಇದೆಯಾ ಅಂತ. 48 ಪ್ರಶ್ನೆಯ ಸರ್ವೆಯೇ ಆಗಬೇಕು ಅಂತ ಅದರಲ್ಲಿ ಇಲ್ಲ.

ಎರಡು, ಮಾಡಲೇಬೇಕು ಅಂತ ಮೇಲಿನವರು ಹಟ ಹಿಡಿದರೆ ಚಿಕ್ಕದು ಮಾಡಿ. ಐದಾರು ಪ್ರಶ್ನೆ ಸಾಕು. ನಿಮ್ಮ ಪ್ಲಾಂಟ್ ಹೆಡ್ ತನ್ನ ಸಹಿಯಲ್ಲೇ ಬದಲಿಸಬಹುದಾದ ವಿಷಯ ಮಾತ್ರ ಕೇಳಿ. ಓಟಿ ಹಿಂದಿನ ದಿನವೇ ತಿಳಿಯುತ್ತಾ? ಸಂಬಳದ ಚೀಟಿಯಲ್ಲಿ ತಪ್ಪಿದ್ದರೆ ಎಷ್ಟು ದಿನಕ್ಕೆ ಸರಿಯಾಗುತ್ತೆ? ಊಟದ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ? ಸಂಬಳ ಜಾಸ್ತಿ ಮಾಡುವ ಅಧಿಕಾರ ಇಲ್ಲದಿದ್ದರೆ ಸಂಬಳ ಸಾಕಾ ಅಂತ ಕೇಳಬೇಡಿ. ಕೇಳದೆಯೂ ಉತ್ತರ ಗೊತ್ತಿದೆ ಅಲ್ವಾ? ಇದರಲ್ಲಿರುವ ಅಪಾಯ ಅಂದರೆ, ಆರು ಪ್ರಶ್ನೆ ಕೇಳಿ ಆರರಲ್ಲಿ ಒಂದೂ ಆಗದಿದ್ದರೆ ಜನ ಕ್ಷಮಿಸುವುದಿಲ್ಲ. 48ರಲ್ಲಿ ಅವಿತುಕೊಳ್ಳಲು ಜಾಗ ಇತ್ತು, ಆರರಲ್ಲಿ ಇಲ್ಲ.

ಮೂರನೆಯದು, ಕೂತು ಮಾತಾಡುವುದು. ಏಳೆಂಟು ಜನ, ಸೂಪರ್‌ವೈಸರ್ ಇಲ್ಲದೆ, ಶಿಫ್ಟ್ ಸಮಯದಲ್ಲೇ, ಆ ಹೊತ್ತಿನ ಟಾರ್ಗೆಟ್ ಕಡಿಮೆ ಮಾಡಿ. ನನ್ನ ಅನುಭವದಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಇದರಷ್ಟು ಅಪಾಯದ್ದೂ ಇಲ್ಲ. ಮೊದಲು ಬಾಯಿಬಿಟ್ಟವರು 'ಲೀಡರ್' ಅಂತ ಗುರುತಾಗುತ್ತಾರೆ, ಆರು ತಿಂಗಳಾದ ಮೇಲೆ ಅವರಿಗೆ ಶಿಫ್ಟ್ ಬದಲಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವ ಶಕ್ತಿ ನಿಮಗೆ ಇಲ್ಲ ಅನ್ನಿಸಿದರೆ ಇದಕ್ಕೆ ಕೈ ಹಾಕಬೇಡಿ. ಮತ್ತೊಂದು ವಿಷಯ. ಮಾತಿನ ಮಧ್ಯೆ ಲೈಂಗಿಕ ಕಿರುಕುಳದ ಸುಳಿವು ಬಂದರೆ ಅದನ್ನು 'ಸಲಹೆ' ಅಂತ ಬರೆದುಕೊಳ್ಳಬಾರದು. 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇದೆ. ಆ ಹೆಣ್ಣುಮಗಳಿಗೆ ಆ ದಾರಿ ತಿಳಿಸಿ, ಜೊತೆಗೆ ನಿಲ್ಲಿ.

ಹೊಸ ವೇದಿಕೆ ಕಟ್ಟುವ ಮೊದಲು ಇರುವುದು ಬದುಕಿದೆಯಾ ನೋಡಿ. ನೂರು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ವರ್ಕ್ಸ್ ಕಮಿಟಿ (ಮಾಲೀಕರ, ಕಾರ್ಮಿಕರ ಪ್ರತಿನಿಧಿಗಳು ಇಬ್ಬರೂ ಇರುವ ಸಮಿತಿ) ರಚಿಸುವಂತೆ ಸರ್ಕಾರ ಆದೇಶಿಸಬಹುದು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಇದೆ. ಜೊತೆಗೆ 20 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿ ಇರಬೇಕು. ಎಷ್ಟೋ ಕಾರ್ಖಾನೆಗಳಲ್ಲಿ ಈ ಸಮಿತಿಗಳು ರಿಜಿಸ್ಟರ್‌ನಲ್ಲಿ ಮಾತ್ರ ಸಭೆ ಸೇರುತ್ತವೆ. ಅದನ್ನು ಎಬ್ಬಿಸುವುದು ಸರ್ವೆಗಿಂತ ಅಗ್ಗ.

ಇನ್ನು ಆ 250 ಕಾಂಟ್ರ್ಯಾಕ್ಟ್ ಜನ. ಅವರನ್ನು ಸೇರಿಸಿದರೆ ನಾಳೆ ನಾವೇ ಮಾಲೀಕರು ಅಂತ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ ಅಂತ ವಕೀಲರು ಹೆದರಿಸುತ್ತಾರೆ. ಆ ಭಯ ಪೂರ್ತಿ ಸುಳ್ಳಲ್ಲ. ಆದರೆ ಕುಡಿಯುವ ನೀರು, ಶೌಚಾಲಯ, ಕ್ಯಾಂಟೀನ್, ವಿಶ್ರಾಂತಿ ಕೊಠಡಿ ಇವುಗಳ ಹೊಣೆ ಹೊಸ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ಪ್ರಕಾರ ಮುಖ್ಯ ಮಾಲೀಕರದ್ದೇ, ಅಂದರೆ ನಿಮ್ಮ ಕಂಪನಿಯದ್ದೇ. ಇವುಗಳ ಬಗ್ಗೆ ಕೇಳಲು ಯಾರ ಹೆದರಿಕೆ? 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು ದಾಂಧಲೆ ಮಾಡಿದ್ದು ನಿಮಗೆ ನೆನಪಿರಬೇಕು. ಅಲ್ಲಿ ಹೆಚ್ಚಿನವರು ಕಾಂಟ್ರ್ಯಾಕ್ಟ್‌ನವರು, ಜಗಳ ಇದ್ದದ್ದು ಸಂಬಳ ಮತ್ತು ಹಾಜರಿ ಲೆಕ್ಕದ್ದು. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಬಂದದ್ದು ಪಿಎಫ್ ವಿಷಯಕ್ಕೆ. ಹಾಜರಿ, ಪಿಎಫ್ ಅನ್ನುವ ಪದ ನಿಮ್ಮ 48 ಪ್ರಶ್ನೆಯಲ್ಲಿ ಎಲ್ಲಾದರೂ ಇದೆಯಾ, ಒಮ್ಮೆ ನೋಡಿ.

ಜನರನ್ನು ಕೇಳದೆಯೂ ತಿಳಿಯುವುದು ಬೇಕಾದಷ್ಟಿದೆ. ಸೇರಿದ ಮೂರು ತಿಂಗಳೊಳಗೆ ಯಾವ ಲೈನ್‌ನಿಂದ ಜನ ಬಿಡುತ್ತಾರೆ, ಸೋಮವಾರ ಎಲ್ಲಿ ಗೈರು ಜಾಸ್ತಿ, ಪ್ರಥಮ ಚಿಕಿತ್ಸೆ ರಿಜಿಸ್ಟರ್‌ನಲ್ಲಿ ಯಾವ ಶಿಫ್ಟಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಲೈನ್ ಮಟ್ಟದಲ್ಲಿ ಮಾತ್ರ ನೋಡಿ. ಒಬ್ಬೊಬ್ಬರ ಹೆಸರು ಹಿಡಿದು ನೋಡಲು ಶುರು ಮಾಡಿದರೆ ಅದು ಪೊಲೀಸ್ ಕೆಲಸ ಆಗುತ್ತದೆ.

ಎಂಡಿಯವರ 70ಕ್ಕೆ ಬರೋಣ. ಇದು ಕಷ್ಟದ್ದು. ಸ್ಕೋರನ್ನು ಅಪ್ರೈಸಲ್‌ಗೆ ಕಟ್ಟಿದ ದಿನವೇ ಆ ಸ್ಕೋರ್ ಸತ್ತಿತು. 70 ತರುವುದು ಕಷ್ಟ ಅಲ್ಲ. ಬೋನಸ್ ಕೊಟ್ಟ ವಾರ ಸರ್ವೆ ಇಡಿ, ಸೂಪರ್‌ವೈಸರ್ ಕೈಲಿ "ನಮ್ಮ ಲೈನ್ ಮರ್ಯಾದೆ ಉಳಿಸಿ" ಅಂತ ಹೇಳಿಸಿ, ಬಂದೇಬಿಡುತ್ತದೆ. ಹಾಗೆ ಮಾಡಿದವರು ನನಗೆ ಬೇಕಾದಷ್ಟು ಜನ ಗೊತ್ತು. ನೀವು ಹಾಗೆ ಮಾಡದೆ ಈ ಪತ್ರ ಬರೆದಿದ್ದೀರಿ. ಎಂಡಿ ಹತ್ತಿರ ಸ್ಕೋರ್ ತಪ್ಪು ಅಂತ ವಾದಕ್ಕೆ ಕೂರಬೇಡಿ. ಬದಲಿಗೆ ಬೇರೆ ನಂಬರ್ ಕೊಡಿ: ಹಳೆಯ ಸರ್ವೆಗಳಲ್ಲಿ ಬಂದ ದೂರುಗಳು ಇಷ್ಟು, ಮುಗಿಸಿದ್ದು ಇಷ್ಟು, ಒಂದಕ್ಕೆ ಹಿಡಿದ ದಿನ ಇಷ್ಟು. ನಂಬರ್ ಇಷ್ಟಪಡುವವರಿಗೆ ನಂಬರ್‌ನಲ್ಲೇ ಹೇಳಬೇಕು. ಜೊತೆಗೆ ಒಂದು ಮಧ್ಯಾಹ್ನ ಅವರನ್ನು ಲೈನ್‌ಗೆ ಕರೆದುಕೊಂಡು ಹೋಗಿ, ಏಸಿ ರೂಮಿಗೆ ವಾಪಸ್ ಬರಲು ಅವಸರ ಮಾಡಬೇಡಿ.

ಒಪ್ಪದೆ ಇರಬಹುದು, ಅದನ್ನೂ ಹೇಳಿಬಿಡುತ್ತೇನೆ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಚಿಕ್ಕ ಕೆಲಸ. ಮೂರು ವರ್ಷದ 'ನಿಮ್ಮ ಸಲಹೆ' ಡಬ್ಬಿಗಳನ್ನು ತೆಗೆದು ನೀವೇ ಓದಿ, ಏಜೆನ್ಸಿಯ ಸಾರಾಂಶ ಬೇಡ. ಅದರಲ್ಲಿ ಹದಿನೈದು ಆರಿಸಿ. ಒಂದು ದೊಡ್ಡ ಹಾಳೆಯಲ್ಲಿ ಬರೆಯಿರಿ: ಯಾವುದು ಆಗಿದೆ, ಯಾವುದು ಆಗುತ್ತಿದೆ, ಯಾರು ಮಾಡುತ್ತಿದ್ದಾರೆ, ಯಾವ ತಾರೀಖಿಗೆ. ಆಗದೇ ಇರುವುದನ್ನು 'ಪರಿಶೀಲನೆಯಲ್ಲಿದೆ' ಅಂತ ಬರೆಯಬೇಡಿ. 'ಆಗಲ್ಲ, ಯಾಕಂದ್ರೆ' ಅಂತ ಬರೆಯಿರಿ. ಕನ್ನಡದಲ್ಲಿ, ಕೆಳಗೆ ಹಿಂದಿಯಲ್ಲಿ. ಎಚ್‌ಆರ್ ಬಾಗಿಲಿಗೆ ಅಂಟಿಸಬೇಡಿ, ಅಲ್ಲಿ ನಿಂತು ಓದಿದರೆ ಯಾರಾದರೂ ನೋಡುತ್ತಾರೆ ಅನ್ನುವ ಅಳುಕು ಇರುತ್ತದೆ. ಕ್ಯಾಂಟೀನ್‌ನಲ್ಲಿ ಕೈ ತೊಳೆಯುವ ಜಾಗದ ಪಕ್ಕ ಅಂಟಿಸಿ. ಅಲ್ಲಿ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ, ಪರ್ಮನೆಂಟ್‌ನವರೂ, ಕಾಂಟ್ರ್ಯಾಕ್ಟ್‌ನವರೂ.